ತೊಗರಿಗೆ ಗಂಧಕ: ಎಲೆ ಹಳದಿಯಾದ ಮೇಲಲ್ಲ, ಬಿತ್ತುವ ಮೊದಲು

ತೊಗರಿಯ ಚಿಗುರು ಹಳದಿಗಟ್ಟಿದ ಮೇಲೆ ಅಂಗಡಿಗೆ ಓಡಿ, ಗಂಧಕದ ಹರಳು ತಂದು ಸಾಲಿನಲ್ಲಿ ಚೆಲ್ಲಿದರೆ ಆ ವರ್ಷದ ಬೆಳೆಗೆ ಹೆಚ್ಚೇನೂ ದಕ್ಕುವುದಿಲ್ಲ. ಗಂಧಕ ನೀರಿನಲ್ಲಿ ಕರಗದು, ಬೇರು ಅದನ್ನು ಹಾಗೇ ಹೀರದು. ಮಣ್ಣಿನಲ್ಲಿರುವ ಥಯೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಕ್ಕೆ ಗಂಧಕವೇ ಅನ್ನ. ಅದನ್ನು ಆಮ್ಲಜನಕದೊಂದಿಗೆ ಸೇರಿಸಿದಾಗ ಹೊಮ್ಮುವ ಶಕ್ತಿಯಲ್ಲಿ ಅದು ಬದುಕುತ್ತದೆ. ಆಗ ಹುಟ್ಟುವ ಸಲ್ಫೇಟ್ ಬೆಳೆಗೆ ಸಿಗುತ್ತದೆ. ಇದಕ್ಕೆ ತೇವ, ಗಾಳಿ ಮತ್ತು ವಾರಗಟ್ಟಲೆ ಸಮಯ ಬೇಕು.

ಮೊದಲು ಮಣ್ಣು ಪರೀಕ್ಷೆ. ಹೊಲದ ಹತ್ತು ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ಕೊಡಿ. ಗಂಧಕವನ್ನೂ ನೋಡಿ ಎಂದು ಬಾಯಿಬಿಟ್ಟು ಹೇಳಿ. 10 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಮಣ್ಣಿನಲ್ಲಿ 10 ಭಾಗ) ಕಡಿಮೆ ಬಂದರೆ ಕೊರತೆ.

ಪ್ರಮಾಣ ಎಕರೆಗೆ 8 ಕಿಲೋ ಗಂಧಕ. ಶೇ 90ರ ಬೆಂಟೊನೈಟ್ ಗಂಧಕವಾದರೆ (ನೀರಿಗೆ ಉಬ್ಬುವ ಬೆಂಟೊನೈಟ್ ಜೇಡಿ ಬೆರೆಸಿದ ಹರಳು) 9 ಕಿಲೋ ಸಾಕು. ರಂಜಕಕ್ಕೆಂದು ಸಿಂಗಲ್ ಸೂಪರ್ ಫಾಸ್ಫೇಟ್ ಹಾಕುವವರು ಹರಳು ಕೊಳ್ಳಲೇಬೇಡಿ: ಅದರಲ್ಲಿ ಶೇ 11 ಗಂಧಕವಿದೆ, ಒಂದೂವರೆ ಚೀಲದಲ್ಲೇ ಲೆಕ್ಕ ಮುಗಿಯುತ್ತದೆ. ತೊಗರಿಗೆ ಇದೇ ಸರಿಯಾದ ದಾರಿ. ಸಾರಜನಕ, ರಂಜಕ ಮಾತ್ರ ಕೊಡುವ ಡಿಎಪಿ ಗೊಬ್ಬರ ಒಂದನ್ನೇ ನಂಬಿದ ಹೊಲಕ್ಕೆ ಗಂಧಕ ಬರುವುದೇ ಇಲ್ಲ.

ಹರಳೇ ಹಾಕುವುದಾದರೆ ಕೆಡುವುದು ಹಾಕುವ ರೀತಿಯಲ್ಲಿ. ಡಿಎಪಿ ಜೊತೆ ಬೆರೆಸಿ ಕೂರಿಗೆಯಲ್ಲಿ ಬಿಟ್ಟರೆ ಹರಳು ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಹುದುಗಿ, ಅರಳದೆ ಉಂಡೆಯಾಗಿಯೇ ಉಳಿಯುತ್ತದೆ. ಬ್ಯಾಕ್ಟೀರಿಯಾ ಮುಟ್ಟುವುದು ಕಣದ ಹೊರಮೈಯನ್ನು ಮಾತ್ರ. ಆದ್ದರಿಂದ ಹರಳು ಒಡೆದು ಹುಡಿಯಾಗಬೇಕು. ಮೇ ಕೊನೆಯಲ್ಲಿ, ಬಿತ್ತನೆಗೆ ಮೂರ್ನಾಲ್ಕು ವಾರ ಮೊದಲು ಹೊಲದ ಮೇಲೆ ಸಮನಾಗಿ ಎರಚಿ. 9 ಕಿಲೋ ಎಕರೆಗೆ ಹರಡಲು ಕೈಗೆ ಸಿಗದಷ್ಟು ಕಡಿಮೆ. ಐದಾರು ಬುಟ್ಟಿ ಒಣ ಮಣ್ಣು ಅಥವಾ ಪುಡಿ ತಿಪ್ಪೆಗೊಬ್ಬರದೊಂದಿಗೆ ಕಲಸಿಕೊಂಡು, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ. ಎರಚಿದ ಕೂಡಲೇ ಕುಂಟೆ ಹೊಡೆಯಬೇಡಿ. ಒಂದೆರಡು ಮಳೆ ಬಿದ್ದು ಬೆಂಟೊನೈಟ್ ಉಬ್ಬಿ ಹರಳು ಚೂರಾಗಲಿ, ಮೇಲೆ ಹಳದಿ ಹುಡಿ ಕಾಣಲಿ. ಆಮೇಲೆ ಕುಂಟೆಯಿಂದ ಮಣ್ಣಿಗೆ ಬೆರೆಸಿ. ಹರಳು ಒಳ್ಳೆಯದೋ ಅಲ್ಲವೋ ಎನ್ನಲು ನಾಲ್ಕು ಕಾಳು ಲೋಟದ ನೀರಿಗೆ ಹಾಕಿ ನೋಡಿ. ಕಲ್ಲಿನಂತೆ ತಳದಲ್ಲೇ ಕೂತರೆ ಚೀಲ ವಾಪಸ್ ಕೊಡಿ.

ಗಂಧಕ ಎರೆಮಣ್ಣಿನ ಕ್ಷಾರ ಇಳಿಸುತ್ತದೆ ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿ. ಮಣ್ಣಿನಲ್ಲಿರುವ ಸುಣ್ಣ ಕರಗಿ ಮುಗಿಯದೆ ಕ್ಷಾರ ಇಳಿಯದು. 1 ಕಿಲೋ ಗಂಧಕದಿಂದಾಗುವ ಆಮ್ಲ ಕರಗಿಸುವುದು ಸುಮಾರು 3 ಕಿಲೋ ಸುಣ್ಣ. ಎಕರೆಯ ಮೇಲ್ಮಣ್ಣು ಸುಮಾರು 9 ಲಕ್ಷ ಕಿಲೋ. ಅದರಲ್ಲಿ ಶೇ 5 ಸುಣ್ಣವಿದ್ದರೂ 45 ಸಾವಿರ ಕಿಲೋ ಆಯಿತು. ಒಂದು ಚೀಲದಿಂದ ಏನೂ ಆಗದು.

ಬಿತ್ತಿದ ಮೇಲೆ ಹಳದಿ ಕಂಡರೆ ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆ ಎಲೆ ಹಳದಿಯಾದರೆ ಸಾರಜನಕದ ಕೊರತೆ. ಚಿಗುರೆಲೆಯ ನರ ಹಸಿರಾಗಿ ನಡುವೆ ಮಾತ್ರ ಹಳದಿಯಾದರೆ ಕಬ್ಬಿಣದ್ದು. ಚಿಗುರೆಲೆ ನರಸಮೇತ ತಿಳಿ ಹಳದಿಯಾದರೆ ಗಂಧಕದ್ದು. ನೀರು ನಿಂತ ಹೊಲದಲ್ಲಿ ಈ ಲೆಕ್ಕವೆಲ್ಲ ತಪ್ಪುತ್ತದೆ, ಮೊದಲು ನೀರು ಬಸಿಯಲು ಬಿಡಿ. ಗಾಳಿಯಿಲ್ಲದೆ ಬ್ಯಾಕ್ಟೀರಿಯಾವೂ ಕೆಲಸ ಮಾಡದು. ಬೆಳೆದು ನಿಂತ ಬೆಳೆಯಲ್ಲಿ ಗಂಧಕದ ಕೊರತೆ ಕಂಡರೆ ಮದ್ದು ಹರಳಲ್ಲ, ಜಿಪ್ಸಂ: ಎಕರೆಗೆ 50-60 ಕಿಲೋ, ಗಂಟು ಒಡೆದು ಸಾಲಿನ ನಡುವೆ ಹಾಕಿ ಎಡೆಕುಂಟೆ ಹೊಡೆಯಿರಿ. ಅದರಲ್ಲಿರುವುದು ಸಲ್ಫೇಟೇ ಆದ್ದರಿಂದ ತೇವವಿದ್ದರೆ ಕಾಯಬೇಕಿಲ್ಲ.

ಶೇ 80ರ ನೀರಿನಲ್ಲಿ ಕಲಸುವ ಗಂಧಕ ಬೂದಿರೋಗ ಮತ್ತು ನುಸಿಗೆ ಸಿಂಪಡಿಸುವ ಔಷಧ, ಗೊಬ್ಬರವಲ್ಲ. ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಉಳಿದ ಚೀಲವನ್ನು ಒಲೆ, ಬೀಡಿಯಿಂದ ದೂರವಿಡಿ. ಹರಳನ್ನು ಗಿರಣಿಯಲ್ಲಿ ಬೀಸಿ ಹುಡಿ ಮಾಡುವ ಉಪಾಯ ಬೇಡವೇ ಬೇಡ: ಗಾಳಿಯಲ್ಲಿ ಹಾರುವ ಗಂಧಕದ ಧೂಳಿಗೆ ಒಂದು ಕಿಡಿ ತಗುಲಿದರೂ ಸ್ಫೋಟವಾಗುತ್ತದೆ.