ಡೋಲೋಮೈಟ್ ಪದರು: ಮೊದಲು ವಿವರ, ಆಮೇಲೆ ಹೆಸರು

ಹುಬ್ಬಳ್ಳಿ-ಧಾರವಾಡದ ಸುತ್ತ ಕಾಣುವುದು ಹೆಚ್ಚಾಗಿ ಶಿಸ್ಟ್, ಫಿಲೈಟ್, ಗ್ರೇವ್ಯಾಕ್ ಎಂಬ ಬೇರೆ ಜಾತಿಯ ಶಿಲೆಗಳು. ಹಳೆಯ ಡೋಲೋಮೈಟ್ (ಕ್ಯಾಲ್ಸಿಯಂ-ಮೆಗ್ನೀಸಿಯಂ ಕಾರ್ಬೊನೇಟ್ ಖನಿಜ, ಅದರಿಂದಾದ ಶಿಲೆಗೂ ಇದೇ ಹೆಸರು) ನೋಡಬೇಕೆಂದರೆ ಇಲ್ಲಿಂದ ಬಡಗಣಕ್ಕೆ, ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಹೋಗಬೇಕು. ಅಲ್ಲಿನ ಕಲಾದಗಿ ಶಿಲೆಗಳಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು.

ಹೊರಡುವ ಮುಂಚೆ ಕಲ್ಲು ಪರೀಕ್ಷಿಸಲು ಆ್ಯಸಿಡ್ ಸಿದ್ಧಮಾಡಿಕೊಳ್ಳಿ: ಮೂರು ಪಾಲು ನೀರಿಗೆ ಒಂದು ಪಾಲು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ. ನೀರಿಗೇ ಆ್ಯಸಿಡ್ ಸುರಿಯಬೇಕು, ತಿರುಗಾಮುರುಗಾ ಮಾಡಿದರೆ ಸಿಡಿಯುತ್ತದೆ.

ಬಂಡೆಯ ಹೊರಮೈಯನ್ನು ನಂಬಬೇಡಿ. ಎರಿ ಭೂಮಿಯ ಸೀಮೆಯಲ್ಲಿ ಕಲ್ಲಿನ ಮೇಲೆ ಸುಣ್ಣದ ಲೇಪ ಕೂತಿರುತ್ತದೆ. ಅದರ ಮೇಲೆ ಬಿದ್ದ ಹನಿ ಭರ್ರನೆ ನೊರೆಯೆದ್ದರೆ ಕಲ್ಲು ಸುಣ್ಣಶಿಲೆ ಅಂತ ಬರೆದುಬಿಡುತ್ತಾರೆ. ಸುತ್ತಿಗೆಯಿಂದ ಒಡೆದು ಹೊಸ ಮುಖದ ಮೇಲೆ ಹನಿ ಹಾಕಿ. ಸುಣ್ಣಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಕೂಡಲೇ ಕುದಿಯುತ್ತದೆ, ಡೋಲೋಮೈಟ್ ಸುಮ್ಮನಿರುತ್ತದೆ. ಚಾಕುವಿನಿಂದ ಗೀರಿ ಪುಡಿಮಾಡಿ ಮತ್ತೆ ಹನಿ ಹಾಕಿದರೆ ಅದೂ ನಿಧಾನಕ್ಕೆ ಗುಳ್ಳೆ ಬಿಡುತ್ತದೆ. ಬಿಳಿ ಗೆರೆಗಳಿದ್ದರೆ ಅವು ಕ್ಯಾಲ್ಸೈಟ್ ಸಿರೆಗಳಿರಬಹುದು, ಅವನ್ನು ಬಿಟ್ಟು ಪಕ್ಕದಲ್ಲಿ ಪರೀಕ್ಷಿಸಿ. ಬಿಸಿಲಿಗೆ ಕಾದ ಆ್ಯಸಿಡ್ಡಿನಲ್ಲಿ ಡೋಲೋಮೈಟೂ ಜೋರಾಗಿ ನೊರೆಯಬಲ್ಲದು, ಬಾಟಲಿ ನೆರಳಿನಲ್ಲಿರಲಿ. ಚಾಕುವಿಗೆ ಜಗ್ಗದ ಗಟ್ಟಿ ಗಂಟುಗಳು ಚರ್ಟ್ ಎಂಬ ಸಿಲಿಕಾ ಕಲ್ಲು. ಅವುಗಳ ಆಕಾರ, ಸಾಲು ಬೇರೆಯಾಗಿ ಬರೆಯಿರಿ.

ಪದರುಗಳಿಗೆ ಕೆಳಗಿನಿಂದ ಮೇಲಕ್ಕೆ ಸಂಖ್ಯೆ ಕೊಡಿ. ಆದರೆ ಮಡಿಚಿ ಮಗುಚಿದ ಪದರುಗಳಲ್ಲಿ ಯಾವುದು ಮೇಲು? ಸ್ಟ್ರೊಮಟೊಲೈಟ್ (ಸೂಕ್ಷ್ಮಜೀವಿಗಳ ಪದರುಗಳಿಂದಾದ ಗುಮ್ಮಟದಂಥ ರಚನೆ) ಇದ್ದರೆ ಅದರ ಗುಮ್ಮಟ ಉಬ್ಬಿದ ದಿಕ್ಕೇ ಮೇಲು. ಗುಮ್ಮಟದ ಅಗಲ, ಎತ್ತರ, ಕವಲೊಡೆದಿದೆಯೋ ಇಲ್ಲವೋ, ಎಲ್ಲವನ್ನೂ ದಾಖಲಿಸಿ. ಪದರುಗಳನ್ನು ಗುರುತಿಸಲು ಇದು ಆಸರೆಯಾಗಬಹುದು. ದಪ್ಪ 1 ಸೆಂ.ಮೀ. ಒಳಗಿದ್ದರೆ ಲ್ಯಾಮಿನಾ, 3ರಿಂದ 10 ತೆಳು, 10ರಿಂದ 30 ಮಧ್ಯಮ, 30ರಿಂದ 100 ದಪ್ಪ. ಸಮತಟ್ಟು ನೆಲದಲ್ಲಿ ಸ್ಟ್ರೈಕಿಗೆ (ಪದರು ಸಮತಲದಲ್ಲಿ ಸಾಗುವ ದಿಕ್ಕಿಗೆ) ಅಡ್ಡಲಾಗಿ ಅಳೆದ ಅಗಲವನ್ನು ಡಿಪ್ ಕೋನದ (ಪದರು ಸಮತಲದಿಂದ ಕೆಳಕ್ಕೆ ಓರೆಯಾಗಿರುವ ಕೋನದ) ಸೈನ್‌ನಿಂದ ಗುಣಿಸಿದರೆ ನಿಜವಾದ ದಪ್ಪ: 40 ಮೀಟರ್, 30 ಡಿಗ್ರಿ ಇದ್ದರೆ 20 ಮೀಟರ್.

ಹೆಸರಿಡುವುದು ಕೊನೆಗೆ. ಕಾರ್ಬೊನೇಟಿನಲ್ಲಿ ಡೋಲೋಮೈಟ್ 90%ಕ್ಕಿಂತ ಹೆಚ್ಚಿದ್ದರೆ ಡೋಲೋಮೈಟ್ ಶಿಲೆ. 50ರಿಂದ 90 ಕ್ಯಾಲ್ಸೈಟ್‌ಯುಕ್ತ ಡೋಲೋಮೈಟ್. 10ರಿಂದ 50 ಡೋಲೋಮೈಟ್‌ಯುಕ್ತ ಸುಣ್ಣಶಿಲೆ. ಈ ಪ್ರಮಾಣ ಹನಿ ನೋಡಿ ಹೇಳಲಾಗದು. ತೆಳುಕೊಯ್ತಕ್ಕೆ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಕೊಯ್ದ ಕಲ್ಲಿನ ಹಾಳೆಗೆ) ಅಲಿಜರಿನ್ ರೆಡ್ ಎಸ್ ಬಣ್ಣ ಹಾಕಿ: ಕ್ಯಾಲ್ಸೈಟ್ ಕೆಂಪಾಗುತ್ತದೆ, ಡೋಲೋಮೈಟ್ ಬಣ್ಣ ಹಿಡಿಯುವುದಿಲ್ಲ. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಡಿ.