ಮಹಾಬಲೇಶ್ವರಕ್ಕೆ ಹೋಗುವವರೇ, ಒಂದು ದಿನ ಮಕ್ಕಳ ಕೈಗೆ ಬಿಡಿ

ವಿಜಯಪುರದ ಬಿಸಿಲು ತಪ್ಪಿಸಿಕೊಂಡು ಮಹಾರಾಷ್ಟ್ರದ ಈ ಗುಡ್ಡದ ಊರಿಗೆ ಹೋಗುವಾಗ ಜೊತೆಗೆ ಹತ್ತನೇ ಕ್ಲಾಸೋ ಪಿಯುಸಿಯೋ ಓದುವ ಮಕ್ಕಳಿದ್ದರೆ, ಒಂದು ಪೂರ್ತಿ ದಿನವನ್ನು ಅವರಿಗೇ ಬಿಡಿ. ಆ ದಿನದ ಖರ್ಚಿನ ದುಡ್ಡನ್ನೂ ಬೆಳಿಗ್ಗೆಯೇ ಕೈಗೆ ಕೊಡಿ. ಎಷ್ಟಕ್ಕೆ ಏಳಬೇಕು, ಯಾವ ಪಾಯಿಂಟ್ ನೋಡಬೇಕು, ಊಟ ಎಲ್ಲಿ, ಎಲ್ಲಾ ಅವರೇ ಹೇಳಲಿ. ನಮ್ಮ ಷರತ್ತು ಎರಡೇ, ಕತ್ತಲಾಗುವ ಮೊದಲು ರೂಮಿಗೆ ವಾಪಸ್, ಅಜ್ಜಿಗೆ ನಡೆಯಲು ಆಗದ ಜಾಗ ಬೇಡ. ತಾವೇ ಆರಿಸಿದ ಜಾಗಕ್ಕೆ ಯಾರೂ ಮುಖ ಗಂಟು ಹಾಕಿಕೊಂಡು ಬರೋದಿಲ್ಲ, ಅಲ್ವಾ? ದುಡ್ಡು ಕೈಯಲ್ಲಿದ್ದರೆ ಕುದುರೆ ಸವಾರಿಯೋ ವೆಣ್ಣಾ ಕೆರೆಯ ದೋಣಿಯೋ ಅಂತ ಲೆಕ್ಕವನ್ನೂ ಅವರೇ ಹಾಕುತ್ತಾರೆ. ತಡವಾಗಿ ಎದ್ದರೂ ಚಿಂತೆಯಿಲ್ಲ, ಸುಮಾರು 1,350 ಮೀಟರ್ ಎತ್ತರದ ಊರು, ನಮ್ಮಲ್ಲಿಯಷ್ಟು ಸುಡೋದಿಲ್ಲ. ಆದರೆ ರೂಮು, ಗಾಡಿ ಮಾತ್ರ ನೀವೇ ಮೊದಲೇ ಬುಕ್ ಮಾಡಿ, ಮೇ ತಿಂಗಳ ಶನಿವಾರ-ಭಾನುವಾರ ಜನ ತುಂಬಾ ಜಾಸ್ತಿ. ಇನ್ನೊಂದು, ಮಕ್ಕಳು ಮೊಬೈಲಿನಲ್ಲಿ ಫೋಟೋ ನೋಡಿ, ವಾಪಸ್ ಬರುವಾಗ ಅಂಬೋಲಿ ಜಲಪಾತಕ್ಕೆ ಹೋಗೋಣ ಅಂದರೆ ಸುಮ್ನೆ ಹೂಂ ಅನ್ನಬೇಡಿ. ಅದು ಮಳೆಗಾಲದ ಜಾಗ, ಬೇಸಿಗೆಯಲ್ಲಿ ನೀರು ಇರೋದೇ ಕಡಿಮೆ. ಅಣ್ಣ-ತಂಗಿ ಒಂದು ಮಾತಿಗೆ ಬರದಿದ್ದರೆ ಈ ಉಪಾಯ ಕೆಡುತ್ತದೆ, ಆಗ ಇಬ್ಬರಿಗೂ ಅರ್ಧರ್ಧ ದಿನ ಹಂಚಿ.