ಘಾಟಿ ಮ್ಯಾಪಿಗೆ ಹಿನ್ನೆಲೆ ಸಂಗೀತ: ಆಯ್ಕೆ ಮತ್ತು ಲೂಪು

ಮೊದಲು ಕಂಪ್ಯೂಟರ್ ಆಟದ ಮ್ಯೂಸಿಕ್ ವಾಲ್ಯೂಮ್ ಸೊನ್ನೆಗೆ ಇಳಿಸಿ ಇಪ್ಪತ್ತು ನಿಮಿಷ ಆಡಿ. ಆಟಗಾರನಿಗೆ ಕೇಳಲೇಬೇಕಾದ ಸದ್ದುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಗುಂಬೆ ಘಾಟಿಯ ಬಸ್ ಮಾಡ್ (ಆಟಕ್ಕೆ ನಾವೇ ಸೇರಿಸುವ ಮ್ಯಾಪು, ವಾಹನ) ಅಂತಿಟ್ಟುಕೊಳ್ಳಿ: ಒಂದರ ಮೇಲೊಂದು ಹೇರ್‌ಪಿನ್ ತಿರುವು, ಎದುರು ಬಸ್ಸಿನ ಹಾರ್ನ್, ಏರ್ ಬ್ರೇಕಿನ ಬುಸ್, ಸೆಕೆಂಡ್ ಗೇರಿನಲ್ಲಿ ಗುರುಗುಡುವ ಇಂಜಿನ್, ಎಲ್ಲದರ ಮೇಲೆ ಜಡಿಮಳೆ. ಸಂಗೀತಕ್ಕೆ ಸಿಗುವುದು ಇವುಗಳ ನಡುವಿನ ಸಂದಿ ಮಾತ್ರ.

ಶಿವಮೊಗ್ಗ ಕಡೆಯ ಮ್ಯಾಪ್ ಅಂದಕೂಡಲೇ ಡೊಳ್ಳು, ಚಂಡೆ ಹಾಕುವ ಆಸೆ ಎಲ್ಲರಿಗೂ. ಡೊಳ್ಳಿನ ಗುಡುಗು ಇಂಜಿನ್ ಸದ್ದಿನ ಜಾಗದಲ್ಲೇ ಬಂದು ಕೂರುತ್ತದೆ, ಗೇರ್ ಯಾವಾಗ ಬದಲಿಸಬೇಕೆಂದು ಕಿವಿಗೆ ತಿಳಿಯುವುದಿಲ್ಲ. ಚಂಡೆ ಮಳೆಯನ್ನೂ ಸೀಳಿಕೊಂಡು ಬರುತ್ತದೆ ನಿಜ, ಆದರೆ ಡಿಕ್ಕಿಯ ಸದ್ದೂ ಹಾಗೇ ಬರಬೇಕಲ್ಲ! ಇವೆರಡನ್ನೂ ಮೆನುವಿಗೋ ಟ್ರಿಪ್ ಮುಗಿದ ಗಳಿಗೆಗೋ ಇಟ್ಟುಕೊಳ್ಳಿ. ಓಡಿಸುವಾಗ ವೀಣೆ, ತಂಬೂರಿ ಸಾಕು. ಸಾಹಿತ್ಯವಿರುವ ಹಾಡು ಬೇಡ. ಮಾತು ಕಿವಿಗೆ ಬಿತ್ತೆಂದರೆ ಗಮನ ರಸ್ತೆ ಬಿಡುತ್ತದೆ.

ಇನ್ನು ಲೂಪು, ಅಂದರೆ ಮುಗಿದೊಡನೆ ಮತ್ತೆ ಮೊದಲಿಂದ ಬರುವ ತುಣುಕು. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಕತ್ತರಿ ತಾಳದ ಲೆಕ್ಕದಲ್ಲಿ ಬೀಳಬೇಕು. ನಿಮಿಷಕ್ಕೆ 80 ಅಕ್ಷರದ ಆದಿತಾಳದಲ್ಲಿ ಒಂದು ಆವರ್ತನ, ಅಂದರೆ 8 ಅಕ್ಷರದ (ಎಣಿಕೆಯ) ಒಂದು ಸುತ್ತು, ಸರಿಯಾಗಿ 6 ಸೆಕೆಂಡ್. 16 ಆವರ್ತನಕ್ಕೆ 96. ನೀವು 95ಕ್ಕೆ ಕತ್ತರಿಸಿದರೆ ಪ್ರತಿ ಸುತ್ತಿಗೂ ತಾಳ ಎಡವುತ್ತದೆ. ಮೆಟ್ರೊನೋಮ್ ಇಲ್ಲದೆ ನುಡಿಸಿದ್ದಾದರೆ ವೇಗ ಏರಿಳಿದಿರುತ್ತದೆ, ಲೆಕ್ಕ ನಂಬದೆ ಸಮದ (ಆವರ್ತನದ ಮೊದಲ) ಪೆಟ್ಟು ನೋಡಿ ಕತ್ತರಿಸಿ. ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಆ ಭಾಗ ಆರಿಸಿ ಝಡ್ ಕೀ ಒತ್ತಿದರೆ ಎರಡೂ ಅಂಚು ಸದ್ದಿನ ಅಲೆ ಸೊನ್ನೆ ಗೆರೆ ದಾಟುವ ಜಾಗಕ್ಕೆ ಸರಿಯುತ್ತದೆ, ಜೋಡಣೆಯಲ್ಲಿ ಕೇಳುವ ‘ಟಪ್’ ತಪ್ಪುತ್ತದೆ. ಕೊನೆಯ ಮೀಟಿನ ಗುಂಯ್‌ಗುಡುವಿಕೆ ಅರ್ಧಕ್ಕೇ ತುಂಡಾಗಿದ್ದರೆ, ಆ ಬಾಲವನ್ನು ಇನ್ನೊಂದು ಟ್ರ್ಯಾಕಿನಲ್ಲಿ ಲೂಪಿನ ತಲೆಗೆ ಇಟ್ಟು ಮಿಕ್ಸ್ ಮಾಡಿ.

ಎಂಪಿ3 ಆಗಿ ಉಳಿಸಬೇಡಿ. ಅದು ಸದ್ದನ್ನು 1,152 ಸ್ಯಾಂಪಲ್‌ಗಳ (ಸದ್ದಿನ ಚುಕ್ಕಿ ಅಳತೆಗಳ) ಕಂತಿನಲ್ಲಿ ತುಂಬುವುದರಿಂದ ತಲೆಗೂ ಬಾಲಕ್ಕೂ ಚೂರು ಮೌನ ಅಂಟಿಕೊಂಡು ಲೂಪು ಬಿಕ್ಕುತ್ತದೆ. ಓಗ್ ವೋರ್ಬಿಸ್ ಎಂಬ ಫೈಲ್ ಬಗೆ, ಕ್ವಾಲಿಟಿ 5, 44,100 ಹರ್ಟ್ಜ್ (ಸೆಕೆಂಡಿಗೆ 44,100 ಸ್ಯಾಂಪಲ್) ಸಾಕು. ಉಳಿಸುವ ಮೊದಲು ಎಲ್ಲ ಟ್ರ್ಯಾಕನ್ನೂ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 20 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ತನ್ನಿ, ಇಲ್ಲದಿದ್ದರೆ ಒಂದು ಪಿಸುಗುಟ್ಟುತ್ತದೆ, ಇನ್ನೊಂದು ಕಿರುಚುತ್ತದೆ.

ಆರ್‌ಪಿಜಿ ಮೇಕರ್ ಎಂವಿ ಎಂಬ ಆಟ ಕಟ್ಟುವ ತಂತ್ರಾಂಶದ ಆಟವಾದರೆ ಮುನ್ನುಡಿಯನ್ನು ಒಮ್ಮೆ ಮಾತ್ರ ಕೇಳಿಸಬಹುದು: ಓಗ್ ಫೈಲಿಗೆ ಲೂಪ್‌ಸ್ಟಾರ್ಟ್, ಲೂಪ್‌ಲೆಂಗ್ತ್ ಟ್ಯಾಗ್ (ಲೂಪು ಎಲ್ಲಿ ಶುರು, ಎಷ್ಟು ಉದ್ದ ಎಂಬ ಗುರುತು) ಹಾಕಿ. ಲೆಕ್ಕ ಸೆಕೆಂಡಿನಲ್ಲಲ್ಲ, ಸ್ಯಾಂಪಲ್‌ನಲ್ಲಿ. 6 ಸೆಕೆಂಡಿನ ಮುನ್ನುಡಿಗೆ 2,64,600. 96 ಸೆಕೆಂಡಿನ ಲೂಪಿಗೆ 42,33,600. ಬರೆಯುವಾಗ ಅಲ್ಪವಿರಾಮ ಬೇಡ.

ಮೈನ್‌ಕ್ರಾಫ್ಟ್ ಜಾವಾದಲ್ಲಿ ಲೂಪಿನ ತಲೆನೋವಿಲ್ಲ. ಒಂದು ಮುಗಿದ ಮೇಲೆ ಬಿಡುವು ಕೊಟ್ಟು ಮುಂದಿನದು ಬರುತ್ತದೆ. ಅಲ್ಲಿ ತೊಂದರೆ ಫೈಲ್ ಹೆಸರಿನದು: ಇಂಗ್ಲಿಷ್ ಅಕ್ಷರವೆಲ್ಲ ಸಣ್ಣಕ್ಷರವೇ ಆಗಿರಬೇಕು, ನಡುವೆ ಜಾಗ ಬಿಡುವಂತಿಲ್ಲ. ಯಾವ ಸದ್ದಿಗೆ ಯಾವ ಫೈಲ್ ಎಂದು ಬರೆದಿಡುವ ಸೌಂಡ್ಸ್ ಜೇಸನ್ ಫೈಲಿನಲ್ಲಿ ರಿಪ್ಲೇಸ್ ಟ್ರೂ ಆಗದಿದ್ದರೆ ಹಳೆಯ ಸಂಗೀತವೂ ನಡುನಡುವೆ ಇಣುಕುತ್ತದೆ. ಉದ್ದದ ಟ್ರ್ಯಾಕಿಗೆ ಸ್ಟ್ರೀಮ್ ಟ್ರೂ (ಸ್ವಲ್ಪಸ್ವಲ್ಪವೇ ಓದುವಂತೆ) ಮಾಡಿ. ತಿದ್ದಿದಾಗೆಲ್ಲ ಎಫ್3 ಜೊತೆ ಟಿ ಒತ್ತಿದರೆ ಆಯಿತು, ಆಟ ಮುಚ್ಚಿ ತೆರೆಯಬೇಕಿಲ್ಲ.

ಹಂಚುವ ಮೊದಲು ಹಕ್ಕು ನೋಡಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ರಚನೆಯ ಹಕ್ಕು ಬೇರೆಯೇ ಇರುತ್ತದೆ. ಯಕ್ಷಗಾನದ ಆಟವನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದರೆ ಭಾಗವತರು, ಮದ್ದಳೆ, ಚಂಡೆಯವರು ಮೂವರಿಂದಲೂ ಒಪ್ಪಿಗೆ ಬರೆಸಿಕೊಳ್ಳಿ.